ಪ್ರಾಚೀನ ವಸ್ತುಗಳ ನೋಂದಣಿ, ಮಾರಾಟ ಮತ್ತು ಹರಾಜು: ಸಾರ್ವಜನಿಕರಿಗೆ ಮಾಹಿತಿ

(ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ನಾಗರಿಕರ ಉಪಯೋಗಕ್ಕಾಗಿ)

ಪೀಠಿಕೆ

ಮನೆಯಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ಕಂಚಿನ ವಿಗ್ರಹ, ತಾಡೋಲೆಯ ಕಟ್ಟು, ಕೆತ್ತನೆಯ ಬಾಗಿಲವಾಡ, ಹಳೆಯ ನಾಣ್ಯ, ಆನೆದಂತದ ಪೆಟ್ಟಿಗೆ ಮುಂತಾದವುಗಳನ್ನು ಮಾರಾಟ ಮಾಡಬಹುದೇ, ಹರಾಜಿಗೆ ಇಡಬಹುದೇ, ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸಬಹುದೇ ಎಂಬ ಪ್ರಶ್ನೆಗಳು ಸಾರ್ವಜನಿಕರಲ್ಲಿ ಸಾಮಾನ್ಯವಾಗಿವೆ. ಇವೆಲ್ಲಕ್ಕೂ ಒಂದೇ ಉತ್ತರವಿಲ್ಲ. ಕೆಲವು ವಸ್ತುಗಳನ್ನು ಯಾವ ಅನುಮತಿಯೂ ಇಲ್ಲದೆ ಮಾರಬಹುದು. ಕೆಲವನ್ನು ನೋಂದಣಿಯ ನಂತರವಷ್ಟೇ ಹಸ್ತಾಂತರಿಸಬಹುದು. ಇನ್ನು ಕೆಲವನ್ನು ಯಾವ ಕಾರಣಕ್ಕೂ ಮಾರುವಂತಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ವ್ಯವಹರಿಸಿದವರು ವಸ್ತುವನ್ನು ಕಳೆದುಕೊಳ್ಳುವುದರ ಜೊತೆಗೆ ಮೊಕದ್ದಮೆಯನ್ನೂ ಎದುರಿಸಬೇಕಾಗಬಹುದು. ಆದ್ದರಿಂದ ಅನ್ವಯವಾಗುವ ಕಾನೂನುಗಳ ಮುಖ್ಯಾಂಶಗಳನ್ನು ಈ ಪುಟದಲ್ಲಿ ಕ್ರಮವಾಗಿ ನೀಡಲಾಗಿದೆ.

1. ಪ್ರಾಚೀನ ವಸ್ತು ಎಂದರೇನು?

ಈ ವಿಷಯದಲ್ಲಿ ಮುಖ್ಯವಾದ ಕಾನೂನು ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972. ಇದು 1947ರ ರಫ್ತು ನಿಯಂತ್ರಣ ಕಾನೂನಿನ ಸ್ಥಾನದಲ್ಲಿ ರೂಪುಗೊಂಡು, 1976ರ ಏಪ್ರಿಲ್ 5ರಿಂದ ಜಾರಿಗೆ ಬಂದಿತು. ಇದರ ಪ್ರಕಾರ ಕೆಳಕಂಡವು ಪ್ರಾಚೀನ ವಸ್ತುಗಳೆನಿಸುತ್ತವೆ.

(ಅ) ಕನಿಷ್ಠ 100 ವರ್ಷಗಳಿಂದ ಅಸ್ತಿತ್ವದಲ್ಲಿರುವ ನಾಣ್ಯ, ಶಿಲ್ಪ, ವರ್ಣಚಿತ್ರ, ಶಾಸನ ಅಥವಾ ಇತರ ಕಲಾಕೃತಿ ಮತ್ತು ಕುಶಲ ಕೃತಿಗಳು.

(ಆ) ಕಟ್ಟಡ ಅಥವಾ ಗುಹೆಯಿಂದ ಬೇರ್ಪಡಿಸಿದ, 100 ವರ್ಷ ತುಂಬಿದ ಯಾವುದೇ ಭಾಗ. ಹಳೆಯ ಮನೆಯನ್ನು ಇಳಿಸಿದಾಗ ದೊರೆಯುವ ಕೆತ್ತನೆಯ ಕಂಬ, ಬೋದಿಗೆ, ದ್ವಾರಬಂಧಗಳು ಈ ವರ್ಗಕ್ಕೆ ಸೇರಬಹುದು.

(ಇ) ಗತಕಾಲದ ವಿಜ್ಞಾನ, ಕಲೆ, ಕರಕೌಶಲ, ಸಾಹಿತ್ಯ, ಧರ್ಮ, ಆಚಾರ, ನೀತಿ ಅಥವಾ ರಾಜಕೀಯವನ್ನು ತಿಳಿಸುವ, ಹಾಗೂ ಐತಿಹಾಸಿಕ ಮಹತ್ವವುಳ್ಳ 100 ವರ್ಷ ತುಂಬಿದ ವಸ್ತುಗಳು.

(ಈ) ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಕ ಅಥವಾ ಸೌಂದರ್ಯ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆ ಮತ್ತು ಪತ್ರಗಳು. ಇವುಗಳಿಗೆ 75 ವರ್ಷಗಳ ಅವಧಿ ಸಾಕು.

ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕೈಬರಹದ ಕಡತ, ತಾಳಪ್ರತಿ, ಹಳೆಯ ಸನದು, ಮೋಡಿ ಲಿಪಿಯ ಕಾಗದಪತ್ರ ಇವುಗಳನ್ನು ರದ್ದಿಯೆಂದು ತೂಕಕ್ಕೆ ಮಾರುವುದು ಕಂಡುಬರುತ್ತದೆ. ಸ್ವಾತಂತ್ರ್ಯ ಪೂರ್ವದ ಇಂಥ ಕಾಗದಗಳೆಲ್ಲವೂ ಈಗ 75 ವರ್ಷ ದಾಟಿವೆ. ಮಹತ್ವವುಳ್ಳವು ಕಾನೂನಿನ ರಕ್ಷಣೆಗೆ ಒಳಪಡುತ್ತವೆ.

ಒಂದು ವಸ್ತು ಪ್ರಾಚೀನ ವಸ್ತುವೇ ಅಲ್ಲವೇ ಎಂಬ ವಿವಾದ ಉಂಟಾದಲ್ಲಿ ಅಧಿನಿಯಮದ 24ನೇ ಪ್ರಕರಣದಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ನೀಡುವ ನಿರ್ಣಯವೇ ಅಂತಿಮ. ವ್ಯಾಪಾರಿಯಾಗಲಿ, ಹರಾಜು ಸಂಸ್ಥೆಯಾಗಲಿ ನೀಡುವ ಕಾಲನಿರ್ಣಯಕ್ಕೆ ಈ ಮಾನ್ಯತೆ ಇರುವುದಿಲ್ಲ.

2. ಕಲಾನಿಧಿ ಎಂದರೇನು?

ಪ್ರಾಚೀನ ವಸ್ತುವಲ್ಲದಿದ್ದರೂ ಕಲಾತ್ಮಕ ಮೌಲ್ಯವನ್ನು ಪರಿಗಣಿಸಿ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಘೋಷಿಸಿದ ಕೃತಿಗಳು ಕಲಾನಿಧಿಗಳು. ಕಲಾವಿದರು ಜೀವಂತವಾಗಿರುವಾಗ ಅವರ ಕೃತಿಯನ್ನು ಹೀಗೆ ಘೋಷಿಸುವಂತಿಲ್ಲ. ರವೀಂದ್ರನಾಥ ಠಾಕೂರ್, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ರಾಜಾ ರವಿವರ್ಮ, ಗಗನೇಂದ್ರನಾಥ ಠಾಕೂರ್, ಅವನೀಂದ್ರನಾಥ ಠಾಕೂರ್, ಶೈಲೋಜ್ ಮುಖರ್ಜಿ ಮತ್ತು ನಿಕೊಲಸ್ ರೋರಿಕ್ ಅವರ ಕೃತಿಗಳು ಈ ಪಟ್ಟಿಯಲ್ಲಿವೆ. ಇವುಗಳನ್ನು ದೇಶದೊಳಗೆ ಮಾರಬಹುದು. ದೇಶದ ಹೊರಗೆ ಒಯ್ಯುವಂತಿಲ್ಲ.

ರವಿವರ್ಮರ ಹೆಸರಿನ ಲಕ್ಷ್ಮಿ, ಸರಸ್ವತಿಯರ ಪಟಗಳು ನಮ್ಮ ಭಾಗದ ಅನೇಕ ಮನೆಗಳ ದೇವರ ಕೋಣೆಯಲ್ಲಿವೆ. ಇವುಗಳಲ್ಲಿ ಬಹುತೇಕ ಎಲ್ಲವೂ ಮುದ್ರಣಾಲಯದಲ್ಲಿ ಕಲ್ಲಚ್ಚಿನಿಂದ ಅಚ್ಚಾದ ಪ್ರತಿಗಳೇ ಹೊರತು ಮೂಲ ತೈಲವರ್ಣ ಚಿತ್ರಗಳಲ್ಲ. ಆದರೂ 100 ವರ್ಷ ತುಂಬಿದ ಅಚ್ಚಿನ ಪ್ರತಿಯನ್ನು ಪ್ರಾಚೀನ ವಸ್ತುವೆಂದು ಪರಿಗಣಿಸಲು ಅವಕಾಶವಿರುವುದರಿಂದ, ದೇಶದ ಹೊರಗೆ ಕಳುಹಿಸುವ ಮೊದಲು ಪರಿಶೀಲನೆಗೆ ಒಪ್ಪಿಸತಕ್ಕದ್ದು.

3. ಯಾವ ವಸ್ತುಗಳ ನೋಂದಣಿ ಕಡ್ಡಾಯ?

ಎಲ್ಲ ಪ್ರಾಚೀನ ವಸ್ತುಗಳಿಗೂ ನೋಂದಣಿ ಕಡ್ಡಾಯವಲ್ಲ. 14ನೇ ಪ್ರಕರಣದ ಮೇರೆಗೆ ಅಧಿಸೂಚಿತವಾದ ವರ್ಗಗಳು ಹೀಗಿವೆ.

(ಅ) ಕಲ್ಲು, ಸುಟ್ಟ ಮಣ್ಣು, ಲೋಹ, ದಂತ ಮತ್ತು ಮೂಳೆಯ ಶಿಲ್ಪಗಳು.

(ಆ) ಕಾಗದ, ಮರ, ಬಟ್ಟೆ, ಚರ್ಮ, ರೇಷ್ಮೆ ಮುಂತಾದವುಗಳ ಮೇಲಿನ ವರ್ಣಚಿತ್ರಗಳು. ಕಿರುಚಿತ್ರಗಳು ಮತ್ತು ಥಾಂಕಾ ಚಿತ್ರಗಳು ಇದರಲ್ಲಿ ಸೇರಿವೆ.

(ಇ) ಚಿತ್ರ ಅಥವಾ ಅಲಂಕರಣವುಳ್ಳ ಹಸ್ತಪ್ರತಿಗಳು.

(ಈ) ಮರದಲ್ಲಿ ಕೆತ್ತಿದ ಮೂರ್ತಿಗಳು, ಉಬ್ಬುಶಿಲ್ಪಗಳು.

ಇದರಂತೆ ಹಳೆಯ ನಾಣ್ಯ, ಚಿತ್ರವಿಲ್ಲದ ತಾಡೋಲೆ, ತಾಮ್ರಶಾಸನ, ಪಾತ್ರೆ, ಆಭರಣ ಇವುಗಳಿಗೆ ನೋಂದಣಿಯ ಕಡ್ಡಾಯವಿಲ್ಲ. ಆದರೆ ನೋಂದಣಿ ಬೇಡವೆಂದ ಮಾತ್ರಕ್ಕೆ ಅವು ಕಾನೂನಿನ ಹೊರಗೆ ಉಳಿಯುವುದಿಲ್ಲ. ರಫ್ತು ನಿಷೇಧ ಮತ್ತು ವ್ಯಾಪಾರದ ಪರವಾನಗಿಯ ನಿಯಮಗಳು ಎಲ್ಲ ಪ್ರಾಚೀನ ವಸ್ತುಗಳಿಗೂ ಅನ್ವಯಿಸುತ್ತವೆ.

ಮುಂಡಗೋಡದ ಟಿಬೆಟಿಯನ್ ವಸತಿ ಪ್ರದೇಶವು 1966ರಿಂದ ಅಸ್ತಿತ್ವದಲ್ಲಿದೆ. ಅಲ್ಲಿನ ಕುಟುಂಬಗಳಲ್ಲಿ ಟಿಬೆಟ್‌ನಿಂದ ಬರುವಾಗ ತಂದ ಥಾಂಕಾ ಚಿತ್ರ ಅಥವಾ ಲೋಹಮೂರ್ತಿಗಳಿದ್ದು, ಅವು 100 ವರ್ಷ ತುಂಬಿದವಾಗಿದ್ದಲ್ಲಿ ಮೇಲಿನ (ಅ) ಮತ್ತು (ಆ) ವರ್ಗಗಳಿಗೆ ಸೇರುತ್ತವೆ. ವಸ್ತುವು ಎಲ್ಲಿ ತಯಾರಾಯಿತು ಎಂಬುದಕ್ಕಿಂತ ಅದು ಈಗ ಭಾರತದಲ್ಲಿದೆ ಎಂಬುದು ಇಲ್ಲಿ ಮುಖ್ಯ. ಇತ್ತೀಚೆಗೆ ಬರೆದ ಥಾಂಕಾಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

4. ನೋಂದಣಿಗೆ ಅರ್ಜಿ ಸಲ್ಲಿಸುವ ವಿಧಾನ

ಅಧಿಸೂಚಿತ ವಸ್ತುವಿನ ಒಡೆತನ, ನಿಯಂತ್ರಣ ಅಥವಾ ಸ್ವಾಧೀನ ಹೊಸದಾಗಿ ದೊರೆತವರು 15 ದಿನಗಳೊಳಗೆ ನೋಂದಣಾಧಿಕಾರಿಗೆ ಅರ್ಜಿ ಸಲ್ಲಿಸತಕ್ಕದ್ದು. ಖರೀದಿ ಮಾತ್ರವಲ್ಲದೆ ದಾನ, ಪಾಲುಪಟ್ಟಿ ಮತ್ತು ಉತ್ತರಾಧಿಕಾರದಿಂದ ಬಂದ ವಸ್ತುವಿಗೂ ಇದೇ ನಿಯಮ. ತಂದೆಯವರ ಹೆಸರಿನಲ್ಲಿ ಮೊದಲೇ ನೋಂದಣಿಯಾಗಿದ್ದರೆ ವಾರಸುದಾರರು ಆ ಪ್ರಮಾಣಪತ್ರವನ್ನು ಅರ್ಜಿಯೊಂದಿಗೆ ಹಾಜರುಪಡಿಸಬೇಕು.

ಅರ್ಜಿದಾರರು ಕೆಳಕಂಡ ವಿವರಗಳನ್ನು ಸಿದ್ಧಪಡಿಸಿಕೊಂಡಲ್ಲಿ ವಿಳಂಬ ತಪ್ಪುತ್ತದೆ.

• ವಸ್ತುವಿನ ಹೆಸರು ಮತ್ತು ವಿಷಯ. ಉದಾಹರಣೆಗೆ, 'ಗಣಪತಿ, ನಿಂತ ಭಂಗಿ, ನಾಲ್ಕು ಕೈ'.
• ತಯಾರಿಸಿದ ಪದಾರ್ಥ: ಕಲ್ಲು, ಹಿತ್ತಾಳೆ, ಕಂಚು, ಸಾಗವಾನಿ, ಬೀಟೆ ಇತ್ಯಾದಿ.
• ಎತ್ತರ, ಅಗಲ, ದಪ್ಪ (ಸೆಂಟಿಮೀಟರ್‌ಗಳಲ್ಲಿ) ಮತ್ತು ತೂಕ.
• ಬರಹ ಅಥವಾ ಗುರುತು ಇದ್ದಲ್ಲಿ ಅದರ ನಕಲು.
• ಬಿರುಕು, ಮುರಿತ, ದುರಸ್ತಿಯ ಗುರುತುಗಳು. ಕಳವಾದ ವಸ್ತುವನ್ನು ಮರಳಿ ಗುರುತಿಸಲು ಅತ್ಯಂತ ಸಹಾಯಕವಾಗುವುದು ಇದೇ ವಿವರ.
• ವಸ್ತುವು ಕುಟುಂಬಕ್ಕೆ ಹೇಗೆ, ಯಾವಾಗ ಬಂದಿತು ಎಂಬ ಹಿನ್ನೆಲೆ; ರಸೀದಿ, ಪಾಲುಪಟ್ಟಿ, ಉಯಿಲು ಇದ್ದಲ್ಲಿ ಅವುಗಳ ಪ್ರತಿ.
• ಎಲ್ಲ ಬದಿಗಳಿಂದ ತೆಗೆದ ಸ್ಪಷ್ಟ ಛಾಯಾಚಿತ್ರಗಳು. ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆಯುವುದು ಸೂಕ್ತ.

ನೋಂದಣಾಧಿಕಾರಿಯು ವಿಚಾರಣೆ ನಡೆಸಿ ಪ್ರಮಾಣಪತ್ರವನ್ನು ನೀಡುತ್ತಾರೆ. ನೋಂದಣಿಯಿಂದ ವಸ್ತುವು ಸರ್ಕಾರದ ಪಾಲಾಗುತ್ತದೆ ಎಂಬ ಭಯ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. ನೋಂದಣಿಯ ನಂತರವೂ ಒಡೆತನ ಮತ್ತು ಸ್ವಾಧೀನ ಅರ್ಜಿದಾರರಲ್ಲಿಯೇ ಇರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಸಂರಕ್ಷಿಸಬೇಕಾದಷ್ಟು ಮಹತ್ವದ ವಸ್ತುವನ್ನು 19ನೇ ಪ್ರಕರಣದ ಮೇರೆಗೆ ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆದರೆ ಹಾಗೆ ಮಾಡಿದಲ್ಲಿ ಪರಿಹಾರ ನೀಡಬೇಕು. ನಿಜವಾದ ಧಾರ್ಮಿಕ ಆಚರಣೆಗೆ ಬಳಕೆಯಲ್ಲಿರುವ ವಸ್ತುವಿಗೆ ಈ ಪ್ರಕರಣ ಅನ್ವಯಿಸುವುದಿಲ್ಲ. ಮನೆದೇವರ ಪೂಜಾಮೂರ್ತಿಯನ್ನು ನೋಂದಾಯಿಸಲು ಹಿಂಜರಿಯಬೇಕಾದ ಕಾರಣವಿಲ್ಲ.

ನೋಂದಣಿಯು ಒಡೆಯನಿಗೇ ರಕ್ಷಣೆ. ವಸ್ತುವು ಕಳವಾದಾಗ ಛಾಯಾಚಿತ್ರಸಹಿತವಾದ ಸರ್ಕಾರಿ ದಾಖಲೆ ಇಲ್ಲದಿದ್ದಲ್ಲಿ, ಅದು ದೂರದ ಊರಿನ ಅಂಗಡಿಯಲ್ಲಿ ಪತ್ತೆಯಾದರೂ ತನ್ನದೆಂದು ಸ್ಥಾಪಿಸುವುದು ಕಷ್ಟವಾಗುತ್ತದೆ.

5. ಮಾರಾಟಕ್ಕೆ ಸಂಬಂಧಿಸಿದ ನಿಯಮಗಳು

5ನೇ ಪ್ರಕರಣದಂತೆ ಪ್ರಾಚೀನ ವಸ್ತುಗಳನ್ನು ಮಾರುವ ಅಥವಾ ಮಾರಾಟಕ್ಕೆ ಇಡುವ ವ್ಯಾಪಾರವನ್ನು ಪರವಾನಗಿ ಇಲ್ಲದೆ ನಡೆಸುವಂತಿಲ್ಲ. ಪರವಾನಗಿ ನೀಡುವಾಗ ಅರ್ಜಿದಾರರ ಅನುಭವ, ವ್ಯಾಪಾರ ನಡೆಸಲು ಉದ್ದೇಶಿಸಿರುವ ಊರು, ಅಲ್ಲಿ ಈಗಾಗಲೇ ಇರುವ ವ್ಯಾಪಾರಿಗಳ ಸಂಖ್ಯೆ ಮೊದಲಾದವನ್ನು ಪರಿಗಣಿಸಲಾಗುತ್ತದೆ. ಪರವಾನಗಿದಾರರು ದಾಖಲೆ ಪುಸ್ತಕ ಮತ್ತು ಛಾಯಾಚಿತ್ರಗಳನ್ನು ಇಟ್ಟುಕೊಂಡು, ಕೇಳಿದಾಗ ತಪಾಸಣೆಗೆ ಒದಗಿಸತಕ್ಕದ್ದು.

ವ್ಯಾಪಾರಿಯಲ್ಲದ ನಾಗರಿಕರು ತಮ್ಮ ಸ್ವಂತ ಮನೆಯ ಒಂದು ವಸ್ತುವನ್ನು ಎಂದೋ ಒಮ್ಮೆ ಮಾರುವುದು ಬೇರೆ, ಊರೂರು ಸುತ್ತಿ ವಸ್ತುಗಳನ್ನು ಕೊಂಡು ಮಾರುವುದು ಬೇರೆ. ಎರಡನೆಯದು ವ್ಯಾಪಾರವೇ ಆಗಿರುತ್ತದೆ. ಅಂತರಜಾಲದಲ್ಲಿ ಮೇಲಿಂದ ಮೇಲೆ ಜಾಹೀರಾತು ನೀಡಿ ಮಾರುವವರಿಗೂ ಇದು ಅನ್ವಯಿಸುತ್ತದೆ. ನಾಗರಿಕರು ತಮ್ಮ ವಸ್ತುವನ್ನು ಮಾರುವುದಿದ್ದಲ್ಲಿ ಈ ಮೂರು ಅಂಶಗಳನ್ನು ಪಾಲಿಸತಕ್ಕದ್ದು.

(ಅ) ನೋಂದಣಿ ಕಡ್ಡಾಯವಿರುವ ವಸ್ತುವಾಗಿದ್ದಲ್ಲಿ ಮೊದಲು ನೋಂದಣಿ ಮಾಡಿಸಬೇಕು.

(ಆ) ಕೊಳ್ಳುವ ವ್ಯಾಪಾರಿ ಅಥವಾ ಹರಾಜು ಸಂಸ್ಥೆಯ ಪರವಾನಗಿಯನ್ನು ಕೇಳಿ ನೋಡಬೇಕು.

(ಇ) ಮಾರಾಟ, ದಾನ ಅಥವಾ ಇತರ ಹಸ್ತಾಂತರದ ನಂತರ, 17ನೇ ಪ್ರಕರಣದಂತೆ ನಿಗದಿತ ಅವಧಿಯೊಳಗೆ ನಿಗದಿತ ನಮೂನೆಯಲ್ಲಿ ನೋಂದಣಾಧಿಕಾರಿಗೆ ತಿಳಿಸಬೇಕು. ಈ ತಿಳಿವಳಿಕೆಯನ್ನು ನೀಡಬೇಕಾದವರು ಹಸ್ತಾಂತರಿಸಿದವರೇ.

6. ಹರಾಜಿನಲ್ಲಿ ಮಾರುವವರ ಮತ್ತು ಕೊಳ್ಳುವವರ ಹಕ್ಕುಗಳು

ದಾಂಡೇಲಿಯ ಜನತೆಗೆ ಹರಾಜು ಹೊಸತಲ್ಲ. ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋದಲ್ಲಿ ಸಾಗವಾನಿ ಮುಂತಾದ ನಾಟಾ ಹರಾಜಾಗುವುದನ್ನು ಅವರು ಬಲ್ಲರು. ಅಲ್ಲಿ ವಸ್ತುವಿನ ಗುಣ, ಅಳತೆ, ವರ್ಗ ಎಲ್ಲವೂ ಕಣ್ಣೆದುರಿಗಿರುತ್ತವೆ. ಪ್ರಾಚೀನ ವಸ್ತುಗಳ ಹರಾಜಿನಲ್ಲಿ ಬೆಲೆಯು ವಸ್ತುವಿನ ಹಿನ್ನೆಲೆಯನ್ನು ಅವಲಂಬಿಸಿರುತ್ತದೆ; ಆ ಹಿನ್ನೆಲೆಗೆ ದಾಖಲೆ ಇಲ್ಲದಿದ್ದರೆ ಕೊಂಡವರು ಮುಂದೆ ತೊಂದರೆಗೆ ಸಿಲುಕಬಹುದು.

ಹರಾಜು ಮಾರಾಟಕ್ಕೆ 1930ರ ಸರಕು ಮಾರಾಟ ಅಧಿನಿಯಮದ 64ನೇ ಪ್ರಕರಣ ಅನ್ವಯಿಸುತ್ತದೆ. ಅದರ ಮುಖ್ಯಾಂಶಗಳು:

• ಸರಕನ್ನು ಬೇರೆ ಬೇರೆ ಲಾಟುಗಳಾಗಿ ಇಟ್ಟಲ್ಲಿ ಪ್ರತಿ ಲಾಟೂ ಪ್ರತ್ಯೇಕ ಮಾರಾಟದ ಒಪ್ಪಂದವೆಂದು ಭಾವಿಸಲಾಗುತ್ತದೆ.
• ಸುತ್ತಿಗೆ ಬಿದ್ದಾಗ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಘೋಷಿಸಿದಾಗ ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಸವಾಲು ಕೂಗಿದವರು ಅದನ್ನು ಹಿಂದಕ್ಕೆ ಪಡೆಯಬಹುದು.
• ಕನಿಷ್ಠ ಬೆಲೆಯನ್ನು ಕಾಯ್ದಿರಿಸಿ ಹರಾಜು ನಡೆಸಬಹುದು. ಮಾರುವವರು ತಾವೇ ಸವಾಲು ಕೂಗುವ ಹಕ್ಕನ್ನು ಸ್ಪಷ್ಟವಾಗಿ ಕಾಯ್ದಿರಿಸಿದ್ದಲ್ಲಿ ಮಾತ್ರ ಕೂಗಬಹುದು.
• ಅಂಥ ಹಕ್ಕನ್ನು ಕಾಯ್ದಿರಿಸದೆ ಮಾರುವವರು ತಾವೇ ಅಥವಾ ತಮ್ಮವರಿಂದ ಕೂಗಿಸಿದಲ್ಲಿ ಕೊಂಡವರು ಅದನ್ನು ವಂಚನೆಯ ಮಾರಾಟವೆಂದು ಪರಿಗಣಿಸಬಹುದು.
• ಬೆಲೆ ಏರಿಸಲು ಮಾರುವವರು ಸುಳ್ಳು ಸವಾಲು ಹಾಕಿಸಿದಲ್ಲಿ ಕೊಂಡವರ ಇಚ್ಛೆಯಂತೆ ಆ ಮಾರಾಟವನ್ನು ಅನೂರ್ಜಿತಗೊಳಿಸಬಹುದು.

ಹರಾಜು ಸಂಸ್ಥೆಗೆ ವಸ್ತುವನ್ನು ಒಪ್ಪಿಸುವವರು ಕನಿಷ್ಠ ಬೆಲೆ, ದಲ್ಲಾಳಿ ಶುಲ್ಕ, ವಿಮೆ, ಮಾರಾಟವಾಗದಿದ್ದಲ್ಲಿ ವಾಪಸಾತಿಯ ವೆಚ್ಚ ಇವುಗಳನ್ನು ಬರಹದಲ್ಲಿ ಪಡೆಯಬೇಕು. ಕೊಳ್ಳುವವರು ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಶುಲ್ಕ ಮತ್ತು ತೆರಿಗೆ ಸೇರುತ್ತವೆ ಎಂಬುದನ್ನು ಮೊದಲೇ ಲೆಕ್ಕಹಾಕಿಕೊಳ್ಳಬೇಕು. ಆದಾಯ ತೆರಿಗೆಯ ಕಾನೂನಿನಲ್ಲಿ ವರ್ಣಚಿತ್ರ, ಶಿಲ್ಪ, ಕಲಾಕೃತಿ, ಆಭರಣ ಮತ್ತು ಪುರಾತತ್ವ ಸಂಗ್ರಹಗಳು ವೈಯಕ್ತಿಕ ಬಳಕೆಯ ಸಾಮಾನಿನ ವಿನಾಯಿತಿಗೆ ಒಳಪಡುವುದಿಲ್ಲ. ಆದುದರಿಂದ ಇವುಗಳ ಮಾರಾಟದ ಲಾಭವು ಬಂಡವಾಳ ಲಾಭವೆಂದು ಲೆಕ್ಕಕ್ಕೆ ಬರುತ್ತದೆ.

7. ವಿದೇಶಕ್ಕೆ ಕಳುಹಿಸುವುದು ಮತ್ತು ವಿದೇಶೀ ಹರಾಜುಗಳು

ಪ್ರಾಚೀನ ವಸ್ತು ಮತ್ತು ಕಲಾನಿಧಿಗಳನ್ನು ಕೇಂದ್ರ ಸರ್ಕಾರ ಅಥವಾ ಅದರಿಂದ ಅಧಿಕಾರ ಪಡೆದ ಸಂಸ್ಥೆಯ ಹೊರತು ಬೇರೆ ಯಾರೂ ರಫ್ತು ಮಾಡುವಂತಿಲ್ಲ. ರಫ್ತು ಎಂದರೆ ವ್ಯಾಪಾರ ಮಾತ್ರವಲ್ಲ, ದೇಶದ ಹೊರಗೆ ಒಯ್ಯುವುದೇ ರಫ್ತು. ವಿದೇಶದಲ್ಲಿ ನೆಲೆಸಿರುವ ಮಗಳು ಅಜ್ಜಿಯ ಕಾಲದ ಕಂಚಿನ ಮೂರ್ತಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವಿಮಾನ ಏರುವುದೂ ಇದರೊಳಗೆ ಬರುತ್ತದೆ. ಈ ಅಪರಾಧಕ್ಕೆ 6 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡವಿದೆ. ಪರವಾನಗಿ, ನೋಂದಣಿ ಮತ್ತು ಹಸ್ತಾಂತರದ ನಿಯಮಗಳ ಉಲ್ಲಂಘನೆಗೆ 6 ತಿಂಗಳವರೆಗೆ ಕಾರಾವಾಸ ಅಥವಾ ದಂಡ ಅಥವಾ ಎರಡೂ ಇದ್ದು, ವಸ್ತುವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು.

ಹಳೆಯದರಂತೆ ಕಾಣುವ ಹೊಸ ವಸ್ತುಗಳನ್ನು ಒಯ್ಯುವವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪ್ರಾಚೀನ ವಸ್ತುವಲ್ಲ' ಎಂಬ ಪ್ರಮಾಣಪತ್ರವನ್ನು ಪಡೆದುಕೊಂಡಲ್ಲಿ ಸುಂಕದ ಕಟ್ಟೆಯಲ್ಲಿ ತೊಂದರೆಯಾಗುವುದಿಲ್ಲ. ವಸ್ತುವನ್ನು ತಜ್ಞರ ಸಮಿತಿಯ ಪರಿಶೀಲನೆಗೆ ಒಪ್ಪಿಸಬೇಕಾಗುವುದರಿಂದ ಪ್ರಯಾಣಕ್ಕೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಸೂಕ್ತ.

ಒಮ್ಮೆ ದೇಶದ ಹೊರಗೆ ಹೋದ ವಸ್ತುವನ್ನು ಮರಳಿ ಪಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಟಿಪ್ಪು ಸುಲ್ತಾನನ ಅನೇಕ ವಸ್ತುಗಳು ಇಂಗ್ಲೆಂಡಿಗೆ ಸಾಗಿದವು. ಅವುಗಳಲ್ಲಿ ಒಂದು ಖಡ್ಗವನ್ನು 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಉದ್ಯಮಿ ವಿಜಯ್ ಮಲ್ಯ ಕೊಂಡರು. ಟಿಪ್ಪುವಿನ ಶಯನಗೃಹದಲ್ಲಿ ದೊರೆತಿದ್ದ ಮತ್ತೊಂದು ಖಡ್ಗವು 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಸಂಸ್ಥೆಯ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡುಗಳಿಗೆ ಮಾರಾಟವಾಯಿತು. ಭಾರತದ ಕಾನೂನು ಹುಟ್ಟುವ ಮೊದಲೇ ಹೊರಗೆ ಹೋದ ಇಂಥ ವಸ್ತುಗಳನ್ನು ಹಣ ಕೊಟ್ಟು ಕೊಳ್ಳುವ ಅಥವಾ ರಾಜತಾಂತ್ರಿಕ ಪ್ರಯತ್ನ ನಡೆಸುವ ದಾರಿಯಷ್ಟೇ ಉಳಿಯುತ್ತದೆ.

ಆ ದಾರಿ ಫಲಿಸಿದ ನಿದರ್ಶನವೂ ಇದೆ. 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾಹ್ವಾ ಸ್ತೂಪದಲ್ಲಿ ಬುದ್ಧನ ಅಸ್ಥಿಯೊಂದಿಗೆ ದೊರೆತಿದ್ದ ರತ್ನಗಳನ್ನು 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೋದಬಿ ಸಂಸ್ಥೆಯು ಹರಾಜಿಗೆ ಇಟ್ಟಿತ್ತು. ಭಾರತ ಸರ್ಕಾರದ ಆಕ್ಷೇಪಣೆಯಿಂದ ಆ ಹರಾಜು ನಿಂತು, ಅದೇ ವರ್ಷದ ಜುಲೈನಲ್ಲಿ ರತ್ನಗಳು ಭಾರತಕ್ಕೆ ಮರಳಿದವು. ಶೋಧದ ಸ್ಥಳ, ದಿನಾಂಕ ಮತ್ತು ಸಾಗಿದ ದಾರಿ ಸ್ಪಷ್ಟವಾಗಿ ದಾಖಲಾಗಿದ್ದುದೇ ಇಲ್ಲಿ ವಾದಕ್ಕೆ ಬಲ ನೀಡಿತು. ಮನೆಯ ಸಣ್ಣ ವಸ್ತುವಿಗೂ ಇದೇ ಮಾತು ಅನ್ವಯಿಸುತ್ತದೆ.

8. ಮಾರಲೇಬಾರದ ವಸ್ತುಗಳು

(ಅ) ವನ್ಯಜೀವಿ ವಸ್ತುಗಳು: ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ಈ ತಾಲ್ಲೂಕುಗಳಲ್ಲಿ ಹಿಂದಿನ ಬೇಟೆಯ ಕಾಲದ ಹುಲಿಯ ಚರ್ಮ, ಉಗುರು, ಕಡವೆ ಮತ್ತು ಜಿಂಕೆಯ ಕೊಂಬು, ಕಾಡುಕೋಣದ ತಲೆ, ಆನೆದಂತದ ವಸ್ತುಗಳು ಕೆಲವು ಹಳೆಯ ಮನೆಗಳಲ್ಲಿ ಇರಬಹುದು. ಇವು ಎಷ್ಟೇ ಹಳೆಯವಾಗಿರಲಿ, ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972 ಇವುಗಳಿಗೆ ಅನ್ವಯಿಸುತ್ತದೆ. ಒಡೆತನದ ಪ್ರಮಾಣಪತ್ರವಿದ್ದವರು ಕೂಡ ಇವುಗಳನ್ನು ಮಾರುವಂತಿಲ್ಲ, ಮಾರಾಟಕ್ಕೆ ಇಡುವಂತಿಲ್ಲ. ಪ್ರಮಾಣಪತ್ರವಿರುವ ವಸ್ತುವು ಉತ್ತರಾಧಿಕಾರದಿಂದ ಬಂದಲ್ಲಿ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಇಟ್ಟುಕೊಳ್ಳಲು ಇಚ್ಛೆಯಿಲ್ಲದ ಪ್ರಮಾಣಪತ್ರದಾರರು 2022ರ ತಿದ್ದುಪಡಿಯಂತೆ ಅವುಗಳನ್ನು ಇಲಾಖೆಗೆ ಒಪ್ಪಿಸಬಹುದು. ಇದಕ್ಕೆ ಪರಿಹಾರ ಇರುವುದಿಲ್ಲ. ಆನೆದಂತದ ಹಳೆಯ ಶಿಲ್ಪಕ್ಕೆ ಪ್ರಾಚೀನ ವಸ್ತುವಿನ ನೋಂದಣಿ ಇದ್ದರೂ ಅದು ವನ್ಯಜೀವಿ ಕಾನೂನಿನ ಪ್ರಮಾಣಪತ್ರಕ್ಕೆ ಬದಲಿಯಾಗುವುದಿಲ್ಲ.

(ಆ) ನೆಲದಲ್ಲಿ ದೊರೆತ ವಸ್ತುಗಳು: ಹೊಲ ಉಳುವಾಗ, ಬಾವಿ ಅಥವಾ ಪಾಯ ತೋಡುವಾಗ ದೊರೆಯುವ ನಾಣ್ಯ, ಆಭರಣ, ಮೂರ್ತಿಗಳು ಸಿಕ್ಕಿದವರ ಸ್ವತ್ತಾಗುವುದಿಲ್ಲ. 1962ರ ಕರ್ನಾಟಕ ನಿಧಿ ಅಧಿನಿಯಮದಂತೆ ನಿಧಿ ದೊರೆತಲ್ಲಿ ಅದರ ಸ್ವರೂಪ, ದೊರೆತ ಸ್ಥಳ ಮತ್ತು ದಿನಾಂಕವನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ತಹಶೀಲ್ದಾರರ ಅಥವಾ ಪೊಲೀಸ್ ಠಾಣೆಯ ಮೂಲಕವೂ ಮಾಹಿತಿ ತಲುಪಿಸಬಹುದು. ಹಾಗೆ ತಿಳಿಸಿದವರಿಗೆ ಕಾನೂನಿನಲ್ಲಿ ಹಕ್ಕುಗಳಿವೆ. ಬಚ್ಚಿಟ್ಟವರು ಆ ಹಕ್ಕುಗಳನ್ನೂ ಕಳೆದುಕೊಂಡು ಶಿಕ್ಷೆಗೆ ಗುರಿಯಾಗುತ್ತಾರೆ. ಸೂಪಾ ಜಲಾಶಯದ ಹಿನ್ನೀರು ತಗ್ಗಿದ ಕಾಲದಲ್ಲಿ ಮುಳುಗಡೆಯಾದ ನೆಲದಲ್ಲಿ ಯಾವುದೇ ವಸ್ತು ಕಣ್ಣಿಗೆ ಬಿದ್ದಲ್ಲಿಯೂ ಎತ್ತಿಕೊಂಡು ಹೋಗದೆ ಮಾಹಿತಿ ನೀಡಬೇಕು.

(ಇ) ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳು: ಹೊಲದ ಬದು, ಊರಬಾಗಿಲು, ಕಾಡಿನ ದೇವರ ಬನಗಳಲ್ಲಿ ನಿಂತಿರುವ ಇಂಥ ಕಲ್ಲುಗಳು ಊರಿನ ಚರಿತ್ರೆಯ ದಾಖಲೆಗಳು. ಇವುಗಳನ್ನು ಕಿತ್ತು ರೆಸಾರ್ಟು, ತೋಟದ ಮನೆಗಳ ಅಲಂಕಾರಕ್ಕೆ ಮಾರುವುದು ಅಥವಾ ಕೊಳ್ಳುವುದು ಸಲ್ಲದು. ಮೂಲಸ್ಥಳದಿಂದ ಕದಲಿಸಿದ ಶಾಸನವು ತನ್ನ ಅರ್ಧ ಅರ್ಥವನ್ನು ಕಳೆದುಕೊಳ್ಳುತ್ತದೆ. ಅದರಲ್ಲಿ ಉಲ್ಲೇಖವಾದ ದಾನದ ಭೂಮಿ, ಕೆರೆ, ಗಡಿಗಳನ್ನು ಮತ್ತೆ ಗುರುತಿಸಲಾಗುವುದಿಲ್ಲ.

(ಈ) ದೇವಾಲಯದ ಸ್ವತ್ತು: ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ ದೇವಾಲಯಗಳ ಮೂರ್ತಿ, ಪ್ರಭಾವಳಿ, ಆಭರಣ, ರಥದ ಕೆತ್ತನೆಗಳನ್ನು ಅರ್ಚಕರಾಗಲಿ ಆಡಳಿತ ಸಮಿತಿಯಾಗಲಿ ತಾವಾಗಿ ಮಾರುವಂತಿಲ್ಲ. ಜೀರ್ಣೋದ್ಧಾರದ ಸಂದರ್ಭದಲ್ಲಿ ಹಳೆಯ ರಥದ ಮರವನ್ನು ವಿಲೇವಾರಿ ಮಾಡುವ ಮೊದಲು ಇಲಾಖೆಯ ಅನುಮತಿ ಪಡೆದು, ಮರದ ಮೂರ್ತಿಗಳನ್ನು ಪುರಾತತ್ವ ಅಧಿಕಾರಿಗಳಿಂದ ಪರಿಶೀಲಿಸಬೇಕು.

9. ಬೇರೆ ಇಲಾಖೆಯ ಅನುಮತಿ ಬೇಕಾಗುವ ವಸ್ತುಗಳು

ಹಳೆಯ ಕೋವಿ: ಬಳಕೆಗೆ ಯೋಗ್ಯವಾದ ಅಥವಾ ದುರಸ್ತಿ ಮಾಡಿ ಬಳಸಬಹುದಾದ ಕೋವಿಗೆ, ಅದು ಎಷ್ಟೇ ಹಳೆಯದಾಗಿದ್ದರೂ, 1959ರ ಆಯುಧ ಅಧಿನಿಯಮದ ಪರವಾನಗಿ ಬೇಕು. ದುರಸ್ತಿ ಮಾಡಿದರೂ ಬಳಸಲು ಬಾರದ ಪುರಾತನ ಕೋವಿಗೆ ವಿನಾಯಿತಿ ಇದೆ. ಆದರೆ ಅದು ಅಂಥದೇ ಎಂಬುದನ್ನು ಮನೆಯವರು ತಾವೇ ನಿರ್ಧರಿಸದೆ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಸುರಕ್ಷಿತ. ಪರವಾನಗಿದಾರರು ಮೃತರಾದಲ್ಲಿ ಬೆಳೆ ರಕ್ಷಣೆಯ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಠಾಣೆಗೆ ಒಪ್ಪಿಸಿ, ವಾರಸುದಾರರು ಹೊಸ ಪರವಾನಗಿಗೆ ಅರ್ಜಿ ಸಲ್ಲಿಸಬೇಕು.

ಹಳೆಯ ಮನೆಯ ನಾಟಾ: ಇಳಿಸಿದ ಮನೆಯ ಸಾಗವಾನಿ, ಬೀಟೆಯ ತೊಲೆ, ಕಂಬ, ಬಾಗಿಲುಗಳನ್ನು ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಿ ಅಗತ್ಯವಾದ ರಹದಾರಿಯನ್ನು ಪಡೆಯತಕ್ಕದ್ದು. ಮನೆಯನ್ನು ಇಳಿಸುವ ಮುನ್ನವೇ ಛಾಯಾಚಿತ್ರ ತೆಗೆದಿಟ್ಟುಕೊಂಡಲ್ಲಿ ಮರದ ಮೂಲವನ್ನು ತೋರಿಸುವುದು ಸುಲಭ.

ಹಳೆಯ ವಾಹನ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 2021ರ ಕೇಂದ್ರ ನಿಯಮಗಳಂತೆ ವಿಂಟೇಜ್ ವಾಹನವೆಂಬ ಪ್ರತ್ಯೇಕ ನೋಂದಣಿ ಇದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ ಎಂದು ಆ ನಿಯಮಗಳಲ್ಲಿ ನಿಗದಿಯಾಯಿತು. ನೋಂದಣಿಯ ಅವಧಿ 10 ವರ್ಷ. ಇಂಥ ವಾಹನವನ್ನು ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಓಡಿಸುವಂತಿಲ್ಲ.

10. ನಿರ್ಬಂಧವಿಲ್ಲದ ಸಂಗ್ರಹಯೋಗ್ಯ ವಸ್ತುಗಳು

100 ವರ್ಷ ತುಂಬದ ಅಂಚೆಚೀಟಿ, ಗ್ರಾಮಾಫೋನು, ರೇಡಿಯೋ, ಗಡಿಯಾರ, ಪಿಂಗಾಣಿ, ಗೃಹೋಪಯೋಗಿ ಪಾತ್ರೆ, ಸ್ವಾತಂತ್ರ್ಯಾನಂತರದ ನಾಣ್ಯ ಮುಂತಾದವುಗಳನ್ನು ಈ ಅಧಿನಿಯಮದ ಅನುಮತಿ ಇಲ್ಲದೆ ಮಾರಬಹುದು. ವಯಸ್ಸು ಸಂದೇಹಾಸ್ಪದವಾಗಿದ್ದಲ್ಲಿ ಮಾರಾಟಕ್ಕೆ ಮೊದಲು ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು.

11. ವಂಚನೆಗಳ ಬಗ್ಗೆ ಎಚ್ಚರಿಕೆ

• ಹಳೆಯ ನೋಟು, ನಾಣ್ಯಗಳಿಗೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ಕರೆ ಮಾಡಿ, ಮುಂಗಡವಾಗಿ ಶುಲ್ಕ, ದಲ್ಲಾಳಿ ಅಥವಾ ತೆರಿಗೆಯ ಹೆಸರಿನಲ್ಲಿ ಹಣ ಕೇಳುವುದು ವಂಚನೆ. ಭಾರತೀಯ ರಿಸರ್ವ್ ಬ್ಯಾಂಕ್ ತಾನು ಇಂಥ ವ್ಯವಹಾರದಲ್ಲಿ ತೊಡಗಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ವಸೂಲಿಗೆ ಯಾರಿಗೂ ಅಧಿಕಾರ ನೀಡಿಲ್ಲ ಎಂದು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿದೆ.
• ಅಕ್ಕಿಯನ್ನು ಎಳೆಯುವ ಚೊಂಬು, ಸಿಡಿಲು ಬಡಿದ ಇರಿಡಿಯಂ ಪಾತ್ರೆ ಇತ್ಯಾದಿಗಳಿಗೆ ವಿದೇಶದಲ್ಲಿ ಕೋಟಿ ಬೆಲೆ ಇದೆ ಎಂಬುದು ಸುಳ್ಳು.
• ರಾಮ, ಸೀತೆ, ಹನುಮಂತರ ಚಿತ್ರದೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818 ಮುಂತಾದ ಇಸವಿಗಳಿರುವ ತಾಮ್ರದ ಬಿಲ್ಲೆಗಳು ಕಂಪನಿಯ ಚಲಾವಣೆಯ ನಾಣ್ಯಗಳಲ್ಲ. ಅವು ನಂತರದ ಕಾಲದಲ್ಲಿ ತಯಾರಾದ ದೇವಸ್ಥಾನದ ಬಿಲ್ಲೆಗಳು.
• ಆಮ್ಲ ಮತ್ತು ಮಣ್ಣಿನಲ್ಲಿ ಹೂತಿಟ್ಟು ಹಳತಾಗಿ ಕಾಣುವಂತೆ ಮಾಡಿದ ಹೊಸ ಹಿತ್ತಾಳೆ ಮೂರ್ತಿಗಳು ಮಾರುಕಟ್ಟೆಯಲ್ಲಿವೆ. ರಸೀದಿಯಲ್ಲಿ ಕಾಲ, ಪದಾರ್ಥ, ಮೂಲವನ್ನು ಬರೆಸಿಕೊಳ್ಳದೆ ಕೊಳ್ಳಬಾರದು.

ಆನ್‌ಲೈನ್ ಹಣ ವಂಚನೆಗೆ ಒಳಗಾದವರು ತಡಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಬೇಕು.

12. ವಸ್ತುಗಳ ಜೋಪಾಸನೆ

ಪರಿಶೀಲನೆಗೆ ತರುವ ಮೊದಲು ವಸ್ತುವನ್ನು 'ಚೊಕ್ಕಟ' ಮಾಡುವುದರಿಂದ ಹಾನಿಯೇ ಹೆಚ್ಚು. ಹಳೆಯ ಕಂಚು, ಹಿತ್ತಾಳೆ, ನಾಣ್ಯಗಳನ್ನು ಹುಣಸೆಹಣ್ಣು, ನಿಂಬೆಹಣ್ಣು ಅಥವಾ ಬೂದಿಯಿಂದ ಉಜ್ಜಬಾರದು. ಕಾಲಕ್ರಮದಲ್ಲಿ ಮೂಡಿದ ಮೇಲ್ಪದರವೇ ವಯಸ್ಸಿನ ಸಾಕ್ಷ್ಯವಾಗಿರುತ್ತದೆ. ಕಲ್ಲಿನ ಮೂರ್ತಿಗೆ ಬಣ್ಣ ಬಳಿಯಬಾರದು. ತಾಡೋಲೆಗೆ ಲ್ಯಾಮಿನೇಷನ್ ಮಾಡಿಸಬಾರದು, ಕಾಗದಕ್ಕೆ ಅಂಟುಪಟ್ಟಿ ಹಚ್ಚಬಾರದು. ಈ ಭಾಗದ ಮಳೆಗಾಲದ ತೇವದಲ್ಲಿ ಬೂಷ್ಟು ಮತ್ತು ಗೆದ್ದಲು ಬಹುಬೇಗ ಹರಡುವುದರಿಂದ ತಾಡೋಲೆಗಳನ್ನು ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಗಾಳಿಯಾಡುವ ಜಾಗದಲ್ಲಿ ಇಡುವುದು ಸೂಕ್ತ.

13. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೂರ್ತಿಗೆ 100 ವರ್ಷವಾಗಿದೆಯೇ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಏನು ಮಾಡಬೇಕು?
ಉತ್ತರ: ಛಾಯಾಚಿತ್ರ ಮತ್ತು ಅಳತೆಗಳೊಂದಿಗೆ ಪುರಾತತ್ವ ಕಚೇರಿಯನ್ನು ಸಂಪರ್ಕಿಸಿರಿ. ಶೈಲಿ, ಲೋಹ, ಎರಕದ ವಿಧಾನಗಳಿಂದ ತಜ್ಞರು ಕಾಲವನ್ನು ಅಂದಾಜಿಸುತ್ತಾರೆ.

ಪ್ರಶ್ನೆ: ಹಲವು ವರ್ಷಗಳಿಂದ ನೋಂದಣಿ ಮಾಡಿಸಿಲ್ಲ. ಈಗ ಅರ್ಜಿ ಸಲ್ಲಿಸಿದರೆ ತೊಂದರೆಯಾಗುವುದೇ?
ಉತ್ತರ: ವಿಳಂಬಕ್ಕೆ ಕಾರಣವನ್ನು ತಿಳಿಸಿ ತಾವಾಗಿ ಮುಂದೆ ಬಂದು ಅರ್ಜಿ ಸಲ್ಲಿಸುವುದು, ತಪಾಸಣೆಯಲ್ಲಿ ಸಿಕ್ಕಿಬೀಳುವುದಕ್ಕಿಂತ ಎಲ್ಲ ರೀತಿಯಲ್ಲೂ ಉತ್ತಮ. ಇನ್ನೂ ತಡಮಾಡುವುದರಿಂದ ಪರಿಸ್ಥಿತಿ ಬಿಗಡಾಯಿಸುತ್ತದೆ.

ಪ್ರಶ್ನೆ: ಅವಿಭಕ್ತ ಕುಟುಂಬದ ಮೂರ್ತಿಯನ್ನು ಹಿರಿಯರೊಬ್ಬರೇ ಮಾರಬಹುದೇ?
ಉತ್ತರ: ಅದು ಎಲ್ಲ ಪಾಲುದಾರರ ಸ್ವತ್ತಾಗಿದ್ದಲ್ಲಿ ಎಲ್ಲರ ಲಿಖಿತ ಒಪ್ಪಿಗೆ ಪಡೆಯುವುದು ಅವಶ್ಯ. ಒಪ್ಪಿಗೆಯಿಲ್ಲದ ಮಾರಾಟವು ದಾವೆಗೆ ಕಾರಣವಾಗುತ್ತದೆ.

ಪ್ರಶ್ನೆ: ಮಾರದೆ ವಸ್ತುಸಂಗ್ರಹಾಲಯಕ್ಕೆ ನೀಡಬಹುದೇ?
ಉತ್ತರ: ನೀಡಬಹುದು. ಮಾಲೀಕರ ಹೆಸರು ಮತ್ತು ಊರನ್ನು ದಾಖಲಿಸುವಂತೆ ಕೋರಿ, ಸ್ವೀಕೃತಿಯನ್ನು ಪಡೆದುಕೊಳ್ಳಬೇಕು.

14. ಸಂಪರ್ಕಿಸಬೇಕಾದ ಕಚೇರಿಗಳು

• ಪ್ರಾಚೀನ ವಸ್ತುಗಳ ನೋಂದಣಿ, ರಫ್ತು ಸಂಬಂಧಿತ ಪ್ರಮಾಣಪತ್ರ: ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಧಾರವಾಡ ವಲಯ, ಧಾರವಾಡ.
• ರಾಜ್ಯದ ಸ್ಮಾರಕಗಳು, ಶಾಸನ ಮತ್ತು ವೀರಗಲ್ಲುಗಳ ಮಾಹಿತಿ: ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು.
• ನಿಧಿ ದೊರೆತಲ್ಲಿ: ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ, ಅಥವಾ ಆಯಾ ತಾಲ್ಲೂಕಿನ ತಹಶೀಲ್ದಾರರು.
• ವನ್ಯಜೀವಿ ವಸ್ತು ಮತ್ತು ನಾಟಾ ಸಾಗಣೆ: ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿ.
• ಕಳವು ಮತ್ತು ಹಳೆಯ ಆಯುಧ: ಸಮೀಪದ ಪೊಲೀಸ್ ಠಾಣೆ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಿದ ಸಂಕ್ಷಿಪ್ತ ಮಾಹಿತಿಯಾಗಿರುತ್ತವೆ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಮೂಲ ಅಧಿನಿಯಮ, ನಿಯಮ ಮತ್ತು ಅಧಿಸೂಚನೆಗಳೇ ಅಂತಿಮ. ಅರ್ಜಿ ಸಲ್ಲಿಸುವ ಮುನ್ನ ಪ್ರಸಕ್ತ ನಮೂನೆ ಮತ್ತು ಶುಲ್ಕಗಳನ್ನು ಸಂಬಂಧಿತ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.